ವೇಳಾಪಟ್ಟಿ ಹಾಕಿದ ಎರಡು ವರ್ಷ

ಉಡುಪಿ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ನನ್ನ ಪಾಲಿಗೆ ಎರಡು ವರ್ಷ ವೇಳಾಪಟ್ಟಿ ಹಾಕುವ ಕೆಲಸ ಬಂದಿತ್ತು. ಎಂಟರಿಂದ ಹತ್ತರವರೆಗೆ ಎರಡೆರಡು ವಿಭಾಗಗಳು. ಶುಕ್ರವಾರದವರೆಗೆ ದಿನಕ್ಕೆ 8 ಅವಧಿ, ಶನಿವಾರ ಬೆಳಿಗ್ಗೆ 5, ಹೀಗೆ ಒಂದು ವಿಭಾಗಕ್ಕೆ ವಾರಕ್ಕೆ 45. ಹಾಜರಿ ಕರೆಯುವ ಮೊದಲ ಅವಧಿ 45 ನಿಮಿಷ, ಉಳಿದವು 40.

ಮೊದಲ ವರ್ಷ ಹಳೆಯ ಪಟ್ಟಿಯನ್ನೇ ಅಲ್ಲಲ್ಲಿ ತಿದ್ದಿ ಮುಗಿಸಿದೆ. ಶಿಕ್ಷಕರ ಬಿಡುವಿನ ಅವಧಿಗಳನ್ನು ಅದು ಚೆನ್ನಾಗಿಯೇ ಹಂಚಿತ್ತು. ಆದರೆ ಒಂಬತ್ತನೆಯ ತರಗತಿಯ ಒಂದು ವಿಭಾಗಕ್ಕೆ ವಾರದ ಆರು ಗಣಿತ ಅವಧಿಗಳಲ್ಲಿ ನಾಲ್ಕು, ಬಿಸಿಯೂಟ ಮುಗಿದ ಕೂಡಲೇ ಬೀಳುತ್ತಿದ್ದವು. ಅಕ್ಟೋಬರ್ ಸೆಕೆಯಲ್ಲಿ, ಇನ್ನೊಂದು ವಿಭಾಗದವರು ಬೆಳಗಿನ ಒಂದೇ ಅವಧಿಯಲ್ಲಿ ಮುಗಿಸಿದ ಲೆಕ್ಕಗಳಿಗೆ ಇವರಿಗೆ ಎರಡು ದಿನ ಬೇಕಾಗುತ್ತಿತ್ತು. ಆ ಮಕ್ಕಳು ಮಂದರೆಂದು ನಾನೂ ನಂಬಿದ್ದೆನೆಂಬುದು ಈಗ ನೆನೆದರೂ ನೋಯಿಸುತ್ತದೆ.

ಮರುವರ್ಷ ಖಾಲಿ ಹಾಳೆಯಿಂದ ಆರಂಭಿಸಿದೆ. ನಾವು ಇಬ್ಬರು ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ) ಶಿಕ್ಷಕರು, ತಲಾ ಮೂರು ವಿಭಾಗ, ತಲಾ 18 ಗಣಿತ ಅವಧಿ. ಶನಿವಾರ ಸೇರಿ ವಾರದ ಬೆಳಗಿನ ಅವಧಿಗಳು 25. ಎಣಿಸಿ ನೋಡಿದರೆ ಗಣಿತವೆಲ್ಲ ಬೆಳಿಗ್ಗೆಯೇ ಹಿಡಿಯುತ್ತಿತ್ತು, ಹಿಂದೆ ಯಾರೂ ಎಣಿಸಿರಲಿಲ್ಲ ಅಷ್ಟೆ. ವಿಜ್ಞಾನದ ಪ್ರಯೋಗಕ್ಕೆ 40 ನಿಮಿಷ ಸಾಲದು, ಉಪಕರಣ ಜೋಡಿಸುವಷ್ಟರಲ್ಲೇ ಗಂಟೆ ಹೊಡೆಯುತ್ತದೆ. ಆದುದರಿಂದ ಎರಡು ಅವಧಿಗಳನ್ನು ಕೂಡಿಸಿ ಮಧ್ಯಾಹ್ನಕ್ಕೆ ಹಾಕಿದೆ. ಕೈಗೆ ಕೆಲಸವಿದ್ದಾಗ ಮಕ್ಕಳು ತೂಕಡಿಸುವುದಿಲ್ಲ.

ಮಳೆಗಾಲದ್ದು ಬೇರೆಯೇ ಲೆಕ್ಕ. ಜೂನ್‌ನಿಂದ ಮೈದಾನದಲ್ಲಿ ನೀರು ನಿಂತರೆ, ದೈಹಿಕ ಶಿಕ್ಷಣದ ಅವಧಿಯನ್ನು ಪಾಠದ ಶಿಕ್ಷಕರು ಕೇಳಿ ಪಡೆಯುವುದು ರೂಢಿಯಾಗಿತ್ತು, ಪಡೆದವರಲ್ಲಿ ನಾನೂ ಒಬ್ಬ. ಸೆಪ್ಟೆಂಬರ್‌ವರೆಗೆ ಆ ಅವಧಿಯನ್ನು ಊಟದ ನಂತರಕ್ಕೆ ತಂದು ಜಗಲಿಯಲ್ಲಿ ಚದುರಂಗ, ಕೇರಂ, ಯೋಗಾಸನಗಳಿಗೆ ಮೀಸಲಿಟ್ಟೆವು; ಅಕ್ಟೋಬರ್‌ನಿಂದ ಅದು ಬಿಸಿಲಿಳಿದ ಕೊನೆಯ ಅವಧಿಗೆ, ಮೈದಾನಕ್ಕೆ ಮರಳಿತು. ಜಿಲ್ಲಾಧಿಕಾರಿಗಳು ಮಳೆಯ ರಜೆ ಘೋಷಿಸಿದರೆ ಅದನ್ನು ಶನಿವಾರದ ಮಧ್ಯಾಹ್ನಗಳಲ್ಲಿ ತುಂಬುತ್ತಿದ್ದೆವು. ಸೋಮವಾರ ತಪ್ಪಿದ್ದರೆ ಎರಡು ಶನಿವಾರ ನಾಲ್ಕು ನಾಲ್ಕರಂತೆ ಸೋಮವಾರದ ಎಂಟು ಅವಧಿಗಳನ್ನೇ, ಆಟದ ಅವಧಿಯನ್ನೂ ಬಿಡದೆ, ನಡೆಸಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಂಡೆ, ಅವರು ಒಪ್ಪಿದರು.

ಇದರ ಭಾರ ಬಿದ್ದುದು ಹಿಂದಿ ಮತ್ತು ಸಮಾಜ ವಿಜ್ಞಾನದ ಶಿಕ್ಷಕರ ಮೇಲೆ; ಅವರಿಗೆ ಊಟದ ನಂತರದ ಅವಧಿಗಳು ಹೆಚ್ಚಿದವು. ಅವರ ಅಸಮಾಧಾನ ನ್ಯಾಯವಾದುದೇ. ಬೆಳಿಗ್ಗೆ ಇನ್ನೂ ಉಳಿದಿದ್ದ ನನ್ನ ಏಳು ಅವಧಿಗಳನ್ನು ಬಿಡುವಿಗೆ ಇಟ್ಟುಕೊಳ್ಳದೆ, ಆ ಹೊತ್ತಿನ ಭೌತಶಾಸ್ತ್ರದ ಪಾಠಗಳನ್ನೂ ಮಧ್ಯಾಹ್ನಕ್ಕೆ ಸರಿಸಿ, ತೆರವಾದ ಜಾಗವನ್ನು ಅವರಿಗೆ ಬಿಟ್ಟುಕೊಟ್ಟೆ.