ಕಮಿನೊ ದಾರಿಯ ಪರಾದೋರ್‌ಗಳು

ಕಮಿನೊ ಎಂದರೆ ಕ್ರೈಸ್ತರ ಹಳೆಯ ಯಾತ್ರಾದಾರಿ. ಅದರಲ್ಲಿ ಫ್ರಾನ್ಸಿನ ಸೇಂಟ್-ಜಾನ್-ಪಿಯೆ-ದ-ಪೋರ್‌ನಿಂದ ಸ್ಪೇನಿನ ಸಾಂತಿಯಾಗೊ ಊರಿನ ತನಕ ಸುಮಾರು 780 ಕಿ.ಮೀ. ನಡೆದೆ. ಮಲಗಿದ್ದು ಹೆಚ್ಚಾಗಿ ಆಲ್ಬೆರ್ಗೆಗಳಲ್ಲಿ. ಅಂದರೆ ಯಾತ್ರಿಕರ ಛತ್ರ. ಮಂಚದ ಮೇಲೆ ಮಂಚ, ರಾತ್ರಿ ಹತ್ತಕ್ಕೆಲ್ಲ ದೀಪ ಆರುತ್ತದೆ. ಮೂರು ಊರುಗಳಲ್ಲಿ ಮಾತ್ರ ಪರಾದೋರ್‌ನಲ್ಲಿ ಉಳಿದೆ. ಇವು 1928ರಲ್ಲಿ ಶುರುವಾದ ಸ್ಪೇನ್ ಸರ್ಕಾರದ ಹೋಟೆಲ್‌ಗಳು. ಹಲವು ಹಳೆಯ ಕೋಟೆ, ಮಠಗಳಲ್ಲೇ ಇವೆ.

ಪಾದಯಾತ್ರೆಗೆ ಬಂದು ಐಷಾರಾಮಿ ಹೋಟೆಲ್ಲೇ ಎಂಬ ಅಳುಕು ನನಗೂ ಇತ್ತು. ಸಾಂತೊ ದೊಮಿಂಗೊ ದೆ ಲಾ ಕಾಲ್ಸಾದದಲ್ಲಿ ಅದು ಹೋಯಿತು. ಅಲ್ಲಿನ ಪರಾದೋರ್ 12ನೇ ಶತಮಾನದಲ್ಲಿ ಯಾತ್ರಿಕರ ಆಸ್ಪತ್ರೆಯಾಗಿತ್ತು. ಕಾಲು ಸೋತು ಬಂದವರಿಗೆಂದೇ ಇದ್ದ ಜಾಗ, ಅಲ್ವಾ?

ಲಿಯೋನ್ ತಲುಪುವಾಗ ಎಡ ಹಿಮ್ಮಡಿಯ ಬೊಬ್ಬೆ ಒಡೆದಿತ್ತು. ಅಲ್ಲಿನ ಪರಾದೋರ್ ಇರುವ ಹಳೆಯ ಮಠ ಸಾನ್ ಮಾರ್ಕೋಸ್. ಅದರ ಎದುರು ಒಬ್ಬ ಯಾತ್ರಿಕನ ಕಂಚಿನ ಪ್ರತಿಮೆ ಇದೆ. ಚಪ್ಪಲಿ ಬಿಚ್ಚಿಟ್ಟು, ಶಿಲುಬೆಯ ಕಟ್ಟೆಗೆ ಒರಗಿ ಕೂತಿದ್ದಾನೆ. ನಾನೂ ಪಕ್ಕದಲ್ಲೇ ಕೂತು ಶೂ ಬಿಚ್ಚಿದೆ. ಕಾಲುಚೀಲ ರಕ್ತಕ್ಕೆ ಅಂಟಿಕೊಂಡಿತ್ತು. ಆ ರಾತ್ರಿ ಬಿಸಿನೀರಿನ ತೊಟ್ಟಿಯಲ್ಲಿ ಕಾಲು ಚಾಚಿದ್ದು ಇವತ್ತಿಗೂ ನೆನಪಿದೆ. ಸಾಂತಿಯಾಗೊ ಎಂಬ ಹೆಸರಿನ ಧಾರ್ಮಿಕ ಸೈನಿಕ ಸಂಘದ ಈ ಮಠ ಮುಂದೆ ಸೆರೆಮನೆಯೂ ಆಯಿತು. 1639ರಿಂದ 1643ರವರೆಗೆ ಕವಿ ಕೆವೆದೊ ಇಲ್ಲಿ ಬಂಧಿಯಾಗಿದ್ದ. 1936–39ರ ಸ್ಪೇನಿನ ಅಂತರ್ಯುದ್ಧದಲ್ಲಿ ಸೇನಾನಾಯಕ ಫ್ರಾಂಕೊನ ಪಡೆ ಸಾವಿರಾರು ಜನರನ್ನು ಇಲ್ಲಿ ಕೂಡಿಹಾಕಿತ್ತು. ಅದು ಗೊತ್ತಿದ್ದೂ ಮೆತ್ತನೆ ಹಾಸಿಗೆಯಲ್ಲಿ ಸುಮ್ನೆ ಮಲಗಲು ಆಗಲಿಲ್ಲ. ಬೆಳಗ್ಗೆ ಅಂಗಳದ ಕಮಾನುಗಳ ಕೆಳಗೆ ಬಹಳ ಹೊತ್ತು ನಡೆದಾಡಿದೆ.

ಲಿಯೋನ್‌ನಲ್ಲಿ ಎರಡು ರಾತ್ರಿ ಇಟ್ಟುಕೊಂಡಿದ್ದು ಒಳ್ಳೆಯದಾಯಿತು. ಆಲ್ಬೆರ್ಗೆಗಳಲ್ಲಿ ಸಾಮಾನ್ಯವಾಗಿ ಒಂದೇ ರಾತ್ರಿ ಅವಕಾಶ, ಗಾಯ ಮಾಯಲು ಅದು ಸಾಲದು. ಕೋಣೆ ಕಾದಿರಿಸುವಾಗ ದುಡ್ಡು ಸ್ವಲ್ಪ ಜಾಸ್ತಿಯಾದರೂ ರದ್ದು ಮಾಡಬಹುದಾದ ದರವನ್ನೇ ಆರಿಸಿ. ತಾರೀಖು ಹಿಡಿಯಬೇಕೆಂದು ಕುಂಟುತ್ತಾ 35 ಕಿ.ಮೀ. ನಡೆಯುವುದು ಬೇಡ. ರಾತ್ರಿಯೂಟ ಎಂಟೂವರೆಯ ನಂತರವೇ. ಹಾಗಾಗಿ ನಾನು ಮಧ್ಯಾಹ್ನವೇ ಹೊಟ್ಟೆ ತುಂಬಾ ಉಂಡೆ. ಬಟ್ಟೆ ಒಗೆದು, ದಪ್ಪ ಟವೆಲ್‌ನಲ್ಲಿ ಸುತ್ತಿ ಹಿಂಡಿದರೆ ಬೆಳಗ್ಗೆಯೊಳಗೆ ಒಣಗುತ್ತದೆ. ದಾರಿಯುದ್ದಕ್ಕೂ ಮುದ್ರೆ ಹಾಕಿಸಿಕೊಳ್ಳುವ ಯಾತ್ರಿಕರ ಪುಸ್ತಕಕ್ಕೆ ರಿಸೆಪ್ಷನ್‌ನಲ್ಲೇ ಮುದ್ರೆ ಒತ್ತಿಸಿಕೊಳ್ಳಿ.

ಕೊನೆಯದು ಸಾಂತಿಯಾಗೊ ಕೆಥೆಡ್ರಲ್ ಚೌಕದ ಪರಾದೋರ್. ಇಸಬೆಲ್ಲಾ, ಫರ್ಡಿನಾಂಡ್ ಅರಸರು ಯಾತ್ರಿಕರಿಗಾಗಿ ಕಟ್ಟಿಸಿದ ಆಸ್ಪತ್ರೆ ಅದು, 1954ರಲ್ಲಿ ಹೋಟೆಲ್ ಆಯಿತು. ಕೆಸರು ಮೆತ್ತಿದ ಶೂನಲ್ಲೇ ಬಾಗಿಲಲ್ಲಿ ನಿಂತೆ. ಒಳಗಿದ್ದವರು ಪಾಸ್‌ಪೋರ್ಟ್ ಕೇಳುವ ಮೊದಲು ಕೇಳಿದ್ದು, “ಎಲ್ಲಿಂದ ನಡೆದು ಬಂದಿರಿ?”