ಮಂಚದ ತಲೆಭಾಗದಲ್ಲಿ ಒಂದು ಹಾಳೆ

ಹಿರಿಯರನ್ನು ಆಸ್ಪತ್ರೆಗೆ ದಾಖಲಿಸಿದ ದಿನವೇ, ಅವರನ್ನು ಏನೆಂದು ಕರೆಯಬೇಕು, ಯಾವ ಕಿವಿ ಚೆನ್ನಾಗಿ ಕೇಳಿಸುತ್ತದೆ, ಯಾವ ಭಾಷೆ ಅರ್ಥವಾಗುತ್ತದೆ, ಕನ್ನಡಕ, ಶ್ರವಣಯಂತ್ರ ಮತ್ತು ಹಲ್ಲಿನ ಸೆಟ್ಟು ಎಲ್ಲಿವೆ ಎಂಬುದನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು, ದಾದಿಯರ ಅನುಮತಿ ಪಡೆದು ಮಂಚದ ತಲೆಭಾಗದಲ್ಲಿ ಅಂಟಿಸಿ. ಪಾಳಿ ಬದಲಾದಂತೆ ಬಾಯಿಮಾತಿನಲ್ಲಿ ಹೇಳಿದ್ದು ಅಳಿಸಿಹೋಗುತ್ತದೆ. ಕನ್ನಡಕವಿಲ್ಲದೆ, ಸರಿಯಾಗಿ ಕೇಳಿಸದೆ ಮಲಗಿದ ವೃದ್ಧರನ್ನು ಡೆಲಿರಿಯಂ ಎಂಬ ದಿಢೀರ್ ಗೊಂದಲ ಸುಲಭವಾಗಿ ಆವರಿಸುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೃಷ್ಟಿ, ಶ್ರವಣ, ನಿದ್ರೆ, ನೀರು, ನಡಿಗೆ ಮುಂತಾದವುಗಳ ಬಗ್ಗೆ ವಿಶೇಷ ಗಮನ ಕೊಟ್ಟ ಹಿರಿಯರಲ್ಲಿ ಶೇ. 9.9 ಮಂದಿಗೆ ಈ ಗೊಂದಲ ಉಂಟಾದರೆ, ಎಂದಿನ ಆರೈಕೆ ಪಡೆದವರಲ್ಲಿ ಶೇ. 15 ಮಂದಿಗೆ ಉಂಟಾಗಿತ್ತು. ಹಾಸಿಗೆಯ ಸಂಖ್ಯೆಯಿಂದಲ್ಲದೆ 'ಮೇಷ್ಟ್ರೇ' ಎಂದೋ 'ಅಮ್ಮಾ' ಎಂದೋ ಕರೆಸಿಕೊಳ್ಳುವುದೇ ಅವರಿಗೆ ದೊಡ್ಡ ಸಮಾಧಾನ. ಕಾಯಿಲೆಯ ವಿವರ, ಮಲಮೂತ್ರದ ತೊಂದರೆಗಳನ್ನು ಮಾತ್ರ ಅಲ್ಲಿ ಬರೆಯಬೇಡಿ, ಏಕೆಂದರೆ ಪಕ್ಕದ ಹಾಸಿಗೆಯವರನ್ನು ನೋಡಲು ಬಂದವರೂ ಅದನ್ನು ಓದುತ್ತಾರೆ. ವಾರ್ಡ್ ಬದಲಾದಾಗ ಹಾಳೆ ಹಿಂದೆಯೇ ಉಳಿದುಬಿಡುತ್ತದೆ, ಐಸಿಯುನಲ್ಲಿ ಅಂಟಿಸಲು ಬಿಡದಿರಬಹುದು. ಆದ್ದರಿಂದ ಒಂದು ಪ್ರತಿಯನ್ನು ಕೇಸ್ ಫೈಲಿನಲ್ಲಿಯೂ ಇರಿಸಿ. ಗೊಂದಲ ಈಗಾಗಲೇ ಆರಂಭವಾಗಿದ್ದರೆ ಹಾಳೆಯನ್ನು ನಂಬಿ ಕೂರದೆ ಕೂಡಲೇ ವೈದ್ಯರಿಗೆ ತಿಳಿಸಿ.