ಬೇರೆಯವರ ಮಾತಿನಿಂದ ಬಂದದ್ದು ಜ್ಞಾನವೇ? ತತ್ವಶಾಸ್ತ್ರ ವಿಭಾಗದಲ್ಲಿ ನನ್ನ ಸಂಶೋಧನೆ

ತತ್ವಶಾಸ್ತ್ರದಲ್ಲಿ ಸಂಶೋಧನೆ ಅಂದರೆ ಏನು ಮಾಡ್ತೀರಿ ಅಂತ ಕೇಳುವವರು ಜಾಸ್ತಿ. ಲ್ಯಾಬ್ ಇಲ್ಲ, ಸರ್ವೆ ಇಲ್ಲ, ಅಳೆಯೋಕೆ ಏನೂ ಇಲ್ಲ. ನಾನು ಮಾಡಿದ ಕೆಲಸ ಇಷ್ಟು: ಒಂದು ವಾದ ಎಲ್ಲಿ ನಿಂತಿದೆ ಅಂತ ಗೊತ್ತಾಗುವವರೆಗೆ ಅದನ್ನು ಓದಿದೆ. ಆಮೇಲೆ ಅದರ ವಿರುದ್ಧ ಹೇಳಬಹುದಾದ ಅತಿ ಗಟ್ಟಿಯಾದ ಮಾತು ಯಾವುದು ಅಂತ ಹುಡುಕಿದೆ.

ಎಂ.ಎ.ಯಲ್ಲಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಓದುತ್ತೇವೆ. ಅದರಲ್ಲಿ ತರ್ಕದ ಪೇಪರನ್ನು ಮಾತ್ರ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಆಧಾರಗಳು ನಿಜವೇ ಅನ್ನುವುದು ಒಂದು ಪ್ರಶ್ನೆ. ಆ ಆಧಾರಗಳಿಂದ ಈ ತೀರ್ಮಾನ ಬರುತ್ತದೆಯೇ ಅನ್ನುವುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆಯಾಗಿ ನೋಡುವ ಅಭ್ಯಾಸ ನನಗೆ ಬಂದದ್ದು ಅಲ್ಲೇ.

ಪಿಎಚ್.ಡಿ.ಗೆ ನಾನು ಆರಿಸಿಕೊಂಡ ಕ್ಷೇತ್ರ ಜ್ಞಾನಮೀಮಾಂಸೆ, ಅಂದರೆ ಜ್ಞಾನದ ಬಗ್ಗೆಯೇ ವಿಚಾರ ಮಾಡುವ ಶಾಖೆ. 'ಜ್ಞಾನ ಎಂದರೇನು' ಅನ್ನುವುದು ತುಂಬ ದೊಡ್ಡ ಪ್ರಶ್ನೆ. ಅದರಲ್ಲಿ ನಿಮ್ಮನ್ನು ನಿಜವಾಗಿ ಕಾಡುವ ಭಾಗ ಯಾವುದು ಅಂತ ಗೈಡ್ ಕೇಳಿದರು. ಯೋಚಿಸಿದಾಗ ಉತ್ತರ ಸಿಕ್ಕಿತು. ನನಗೆ ಗೊತ್ತಿರುವುದರಲ್ಲಿ ಬಹುಪಾಲು ಬೇರೆಯವರು ಹೇಳಿದ್ದು. ನಾನು ಹುಟ್ಟಿದ ದಿನ, ಭೂಮಿಯ ವಯಸ್ಸು, ರಕ್ತ ಮೈಯಲ್ಲೆಲ್ಲ ಹರಿಯುವ ಬಗೆ, ಇದ್ಯಾವುದನ್ನೂ ನಾನು ಪರೀಕ್ಷಿಸಿ ನೋಡಿಲ್ಲ. ಹಾಗಾದರೆ ಇದು ಜ್ಞಾನವೋ, ಬರೀ ನಂಬಿಕೆಯೋ? ಅದೇ ನನ್ನ ವಿಷಯವಾಯಿತು.

ಪ್ರಶ್ನೆ ಹಳೆಯದು. ಪ್ಲೇಟೋನ 'ಥಿಯಟೀಟಸ್' ಸಂವಾದದಲ್ಲಿ, 201ರ ಹತ್ತಿರ, ನ್ಯಾಯಾಲಯದ ಒಂದು ಉದಾಹರಣೆ ಬರುತ್ತದೆ. ಘಟನೆಯನ್ನು ಕಣ್ಣಾರೆ ಕಾಣದ ತೀರ್ಪುಗಾರರು ಬೇರೆಯವರ ಮಾತು ಕೇಳಿ ಸರಿಯಾದ ತೀರ್ಪು ಕೊಡಬಹುದು. ಆದರೂ ಅವರಲ್ಲಿರುವುದು ಜ್ಞಾನವಲ್ಲ ಅನ್ನುತ್ತಾನೆ ಸಾಕ್ರೆಟಿಸ್. (ಈ 201 ಅನ್ನುವುದು 1578ರ ಮುದ್ರಣದ ಪುಟಸಂಖ್ಯೆ. ಪ್ಲೇಟೋನನ್ನು ಎಲ್ಲರೂ ಉಲ್ಲೇಖಿಸುವುದು ಆ ಸಂಖ್ಯೆಗಳಿಂದಲೇ. ನೋಟ್ಸ್ ಮಾಡುವಾಗ ಮೊದಲ ದಿನದಿಂದಲೇ ಅದನ್ನು ಬರೆದಿಟ್ಟುಕೊಳ್ಳಿ.)

ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲಿ ಬೇರೆ ದಾರಿ ಹಿಡಿದ. ಜನರ ಮಾತು ಸಾಮಾನ್ಯವಾಗಿ ವಾಸ್ತವಕ್ಕೆ ಹೊಂದುತ್ತದೆ ಅಂತ ಅನುಭವದಿಂದ ಕಂಡಿದ್ದೇವೆ, ಅದಕ್ಕೇ ನಂಬುತ್ತೇವೆ ಅಂದ. ಓದುವಾಗ ಸರಿಯೆನಿಸುತ್ತದೆ. ಆದರೆ ಆ ಅನುಭವ ಯಾರದು? ನಾನೊಬ್ಬನೇ ತಾಳೆ ನೋಡಿದ ಮಾತುಗಳು ತೀರಾ ಕಡಿಮೆ. ಎಲ್ಲರ ಅನುಭವ ಅಂದರೆ, ಅದು ನನಗೆ ಗೊತ್ತಾಗಿದ್ದೂ ಬೇರೆಯವರ ಮಾತಿನಿಂದಲೇ ಅಲ್ವಾ? ಅದೇ ನಾಡಿನ ಇನ್ನೊಬ್ಬ ತತ್ವಜ್ಞಾನಿ ಥಾಮಸ್ ರೀಡ್ 1764ರಲ್ಲಿ ಇದನ್ನು ತಿರುಗಿಸಿ ಹೇಳಿದ. ನಂಬುವುದು ನಮ್ಮ ಹುಟ್ಟುಗುಣ. ಮಗು ಮೊದಲು ನಂಬುತ್ತದೆ, ಅನುಮಾನ ಪಡುವುದನ್ನು ಆಮೇಲೆ ಕಲಿಯುತ್ತದೆ.

ಭಾರತೀಯ ದರ್ಶನಗಳಲ್ಲಿ ಒಂದಾದ ನ್ಯಾಯದರ್ಶನಕ್ಕೆ ಬಂದಾಗ ನನಗೆ ನಿಜವಾದ ಖುಷಿ ಸಿಕ್ಕಿತು. ಆ ದರ್ಶನದವರಾದ ನೈಯಾಯಿಕರಿಗೆ ಶಬ್ದವೇ (ಅಂದರೆ ಬೇರೆಯವರ ಮಾತೇ) ಒಂದು ಸ್ವತಂತ್ರ ಪ್ರಮಾಣ, ಜ್ಞಾನ ಪಡೆಯುವ ಒಂದು ದಾರಿ. ಮಾತಾಡುವವನು ಆಪ್ತನಾಗಿರಬೇಕು, ಅಂದರೆ ವಿಷಯವನ್ನು ಇದ್ದಂತೆ ತಿಳಿದು, ತಿಳಿದಂತೆ ಹೇಳುವ ಮನಸ್ಸುಳ್ಳವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಹೊರಗಿನವನಾದ ಮ್ಲೇಚ್ಛನಿಗೂ ಒಂದೇ ಅನ್ನುತ್ತಾನೆ ನ್ಯಾಯಸೂತ್ರಗಳ ಭಾಷ್ಯಕಾರ ವಾತ್ಸ್ಯಾಯನ. ಈ ಸಾಲು ಓದಿದ ದಿನ ನಾನು ಮುಂದಕ್ಕೆ ಹೋಗಲೇ ಇಲ್ಲ. ವೈಶೇಷಿಕ ದರ್ಶನದವರು, ಬೌದ್ಧರು ಶಬ್ದ ಸ್ವತಂತ್ರ ಪ್ರಮಾಣ ಅನ್ನುವುದನ್ನು ಒಪ್ಪುವುದಿಲ್ಲ. ಶಬ್ದ ಅನುಮಾನದ (ಇಲ್ಲಿ ಸಂಶಯವಲ್ಲ, ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವುದು) ಒಳಗೇ ಸೇರುತ್ತದೆ ಅನ್ನುವುದು ಅವರ ವಾದ.

ಇಂಥ ಗ್ರಂಥಗಳನ್ನು ನಾನು ಓದುವುದು ಹೀಗೆ. ಮೊದಲ ಸಲ ಸುಮ್ನೆ ಓದುತ್ತೇನೆ. ಎರಡನೇ ಸಲ ಪೆನ್ಸಿಲ್ ಹಿಡಿದು ಪ್ರತಿ ಪ್ಯಾರಾದ ಪಕ್ಕ ಬರೆಯುತ್ತೇನೆ: ಇದು ಹೇಳಿಕೆಯೋ, ಕಾರಣವೋ, ಆಕ್ಷೇಪವೋ, ಉತ್ತರವೋ? ಭಾಷ್ಯಗಳಲ್ಲಿ ಪೂರ್ವಪಕ್ಷ, ಅಂದರೆ ಲೇಖಕ ಮುಂದೆ ಖಂಡಿಸಲಿರುವ ಎದುರಾಳಿಯ ವಾದ, ಎಲ್ಲಿ ಮುಗಿಯಿತು ಅನ್ನುವುದು ಎಷ್ಟೋ ಸಲ ಸ್ಪಷ್ಟವಾಗಿರುವುದಿಲ್ಲ. ಎದುರಾಳಿಯ ಮಾತನ್ನೇ ಲೇಖಕನ ಮಾತು ಅಂತ ತಿಳಿದರೆ ಇಡೀ ಚಾಪ್ಟರ್ ಕುಸಿಯುತ್ತದೆ. ಕೊನೆಗೆ ಪುಸ್ತಕ ಮುಚ್ಚಿ, ವಾದವನ್ನು ನನ್ನ ಮಾತಿನಲ್ಲಿ ನಂಬರ್ ಹಾಕಿ ಬರೆಯುತ್ತೇನೆ. ಬರೆಯಲು ಆಗದಿದ್ದರೆ ಇನ್ನೂ ಅರ್ಥವಾಗಿಲ್ಲ ಅಂತಲೇ ಲೆಕ್ಕ.

ಇಬ್ಬರೂ ಮಾತನ್ನು ಬೇರೊಂದು ಆಧಾರದ ಮೇಲೆ ನಿಲ್ಲಿಸುವುದರಿಂದ, ಹ್ಯೂಮ್ ಮತ್ತು ಬೌದ್ಧರು ಒಂದೇ ಮಾತು ಹೇಳಿದರು ಅಂತ ಬರೆಯುವ ಆಸೆ ಬೇಗ ಹುಟ್ಟುತ್ತದೆ. ನಾನು ಅದಕ್ಕೆ ಕೈ ಹಾಕಲಿಲ್ಲ. ಹ್ಯೂಮ್ ಕೇಳುವುದು, ಕೇಳುಗನ ಬಳಿ ನಂಬಲು ಏನು ಆಧಾರ ಇದೆ ಅಂತ. ಭಾರತೀಯರ ಚರ್ಚೆ ನಡೆಯುವುದು ಪ್ರಮಾಣಗಳು ಎಷ್ಟು, ಯಾವುದು ಯಾವುದರೊಳಗೆ ಸೇರುತ್ತದೆ ಅನ್ನುವುದರ ಸುತ್ತ. ಪ್ರಶ್ನೆಯೇ ಬೇರೆಯಾದಾಗ ಉತ್ತರಗಳ ಹೋಲಿಕೆಯನ್ನು ತುಂಬ ಎಚ್ಚರದಿಂದ ಮಾಡಬೇಕು.

ನನ್ನ ಥೀಸಿಸ್‌ಗೆ ಹೆಚ್ಚು ಸಹಾಯ ಮಾಡಿದ್ದು ವಿಭಾಗದ ಸೆಮಿನಾರ್. ಅಲ್ಲೊಂದು ಪದ್ಧತಿ ಇತ್ತು. ಪ್ರಶ್ನೆ ಕೇಳುವವರು ಮೊದಲು 'ನೀವು ಹೇಳಿದ್ದು ಹೀಗೆ ಅಲ್ವಾ?' ಅಂತ ನಮ್ಮ ವಾದವನ್ನು ನಮಗೇ ಒಪ್ಪಿಸಬೇಕು. ನಾವು ಹೌದು ಅಂದ ಮೇಲೆಯೇ ಆಕ್ಷೇಪ. ಒಮ್ಮೆ ನಾನು ಆಪ್ತನ ಲಕ್ಷಣವನ್ನು ಸಮರ್ಥಿಸುತ್ತಿದ್ದಾಗ ಒಬ್ಬ ಜೂನಿಯರ್ ಒಂದು ಪ್ರಶ್ನೆ ಎತ್ತಿದಳು. ಒಬ್ಬ ಶಿಕ್ಷಕಿಗೆ ಜೀವವಿಕಾಸದಲ್ಲಿ ನಂಬಿಕೆ ಇಲ್ಲ. ಆದರೂ ಪಾಠವನ್ನು ಸರಿಯಾಗಿಯೇ ಮಾಡುತ್ತಾಳೆ. ಮಕ್ಕಳಿಗೆ ಬಂದದ್ದು ಜ್ಞಾನವೇ? ಇದು ಅಮೆರಿಕದ ತತ್ವಜ್ಞಾನಿ ಜೆನಿಫರ್ ಲ್ಯಾಕಿ 1999ರಲ್ಲಿ ಎತ್ತಿದ ಉದಾಹರಣೆ. ಜ್ಞಾನ ಹೌದು ಅಂದರೆ, ತನಗೇ ಇಲ್ಲದ ಜ್ಞಾನವನ್ನು ಆಕೆ ಹೇಗೆ ಕೊಟ್ಟಳು? ಅಲ್ಲ ಅಂದರೆ, ಆ ಮಕ್ಕಳಲ್ಲಿ ಏನು ಕೊರತೆ? ಆ ಚಾಪ್ಟರನ್ನು ಪೂರ್ತಿ ಹೊಸದಾಗಿ ಕಟ್ಟಿದೆ. ಪಠ್ಯ ಬರೆದವರು ತಿಳಿದವರು, ಶಿಕ್ಷಕಿ ಅವರ ಮಾತನ್ನು ದಾಟಿಸುತ್ತಿದ್ದಾಳೆ, ಆಪ್ತರನ್ನು ಅಲ್ಲಿ ಹುಡುಕಬೇಕು ಅನ್ನುವುದು ನಾನು ಕೊಟ್ಟ ಉತ್ತರ. ಆ ಉತ್ತರ ಈಗಲೂ ನನಗೆ ಇಷ್ಟ.

ವೈವಾದಲ್ಲಿ (ಥೀಸಿಸ್‌ನ ಮೌಖಿಕ ಪರೀಕ್ಷೆಯಲ್ಲಿ) ಪರೀಕ್ಷಕರು ಇದನ್ನೇ ಮುಂದಕ್ಕೆ ಎಳೆದರು. ಮಾತು ಎಷ್ಟೋ ಬಾಯಿ ದಾಟಿ ಬಂದು, ಮೊದಲು ಹೇಳಿದವರು ಯಾರೆಂದೇ ತಿಳಿಯದಿದ್ದರೆ ಆಪ್ತರನ್ನು ಗುರುತಿಸುವುದು ಹೇಗೆ? ಕೇಳುಗ ಗುರುತಿಸಲೇಬೇಕಿಲ್ಲ, ಆ ಸರಪಳಿಯ ಮೂಲದಲ್ಲಿ ಆಪ್ತರಿದ್ದು ನಡುವೆ ಮಾತು ಕೆಡದಿದ್ದರೆ ಸಾಕು ಅಂದೆ. ಹಾಗಾದರೆ ಅದೃಷ್ಟವಶಾತ್ ಸರಿಯಾದ ಮಾತು ಕಿವಿಗೆ ಬಿದ್ದವನಿಗೂ ಜ್ಞಾನ ಇದೆ ಅನ್ನುತ್ತೀರಾ ಅಂತ ಅವರು ಮತ್ತೆ ಕೇಳಿದರು. ನಾನು ಈಗ ಬರೆಯುತ್ತಿರುವ ಲೇಖನ ಆ ಪ್ರಶ್ನೆಯ ಮೇಲೆಯೇ.